ಹಳೇ 3060 ತಗೊಳ್ಳೋದಾ, ಹೊಸ 4060 ತಗೊಳ್ಳೋದಾ?

ತುಮಕೂರಿನಲ್ಲಿ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ (12 ಜಿಬಿ ಮೆಮೊರಿ) ಸಿಗುತ್ತಿದೆ, ಅದಾ ಇಲ್ಲಾ ಹೊಸ 4060 (8 ಜಿಬಿ) ತಗೊಳ್ಳೋದಾ ಅಂತ ಕೇಳಿದ್ದೀರಿ. 1080ಪಿ ಮಾನಿಟರ್, ಬರೀ ಆಟಕ್ಕೆ ಅಂದಿದ್ದೀರಿ. ಹಾಗಾದರೆ ನನ್ನ ಓಟು 4060ಗೇ.

ಮೊದಲು ಕರೆಂಟು. 2021ರ 3060ಗೆ 170 ವ್ಯಾಟ್ ಬೇಕು, 2023ರ 4060ಗೆ 115 ಸಾಕು. ನಾನೂ ತುಮಕೂರಿನವನೇ. ಆಟದ ಮಧ್ಯೆ ಕರೆಂಟ್ ಹೋಗಿ ಯುಪಿಎಸ್ ಕೀಂ ಕೀಂ ಅಂದಾಗ ಆ 55 ವ್ಯಾಟಿನ ಬೆಲೆ ಗೊತ್ತಾಗುತ್ತದೆ! ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಶನ್ (ಆಟ ನುಣುಪಾಗಿ ಕಾಣಲಿ ಅಂತ ಎಐ ಮೂಲಕ ನಡುನಡುವೆ ಫ್ರೇಮು ತುಂಬುವ ತಂತ್ರ) ಕೂಡ ಇವೆರಡರಲ್ಲಿ 4060ಗೆ ಮಾತ್ರ ಇದೆ. ಆದರೆ ಮೊದಲೇ ತೆವಳುವ ಆಟಕ್ಕೆ ಅದು ಮದ್ದಲ್ಲ.

8 ಜಿಬಿ ಸಾಲದೇನೋ ಅನ್ನೋ ಭಯ ಸುಳ್ಳೇನಲ್ಲ. ಟೆಕ್ಸ್‌ಚರ್ (ಆಟದ ವಸ್ತುಗಳ ಮೇಲ್ಮೈ ಚಿತ್ರ) ಸೆಟ್ಟಿಂಗ್ ಅಲ್ಟ್ರಾಗೆ ಇಟ್ಟರೆ ಕೆಲವು ಹೊಸ ಆಟಗಳು ಮುಗ್ಗರಿಸುತ್ತವೆ. ಒಂದು ಮೆಟ್ಟಿಲು ಇಳಿಸಿ, ಅಷ್ಟೇ. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಿನ ಕೆಲಸವೂ ಇದ್ದರೆ ಮಾತು ಬೇರೆ, ಆಗ 12 ಜಿಬಿಯೇ ಬೇಕು.

ಹಳೇದೇ ಅಂದರೆ ಅರ್ಧ ಗಂಟೆ ಆಟ ಓಡಿಸಿ ನೋಡಿಯೇ ದುಡ್ಡು ಕೊಡಿ. ನಾನು ಸುಮ್ನೆ ನಂಬಿ ತಂದ ಕಾರ್ಡು ಬಿಚ್ಚಿದರೆ ಚಿಪ್ಪಿನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿ, ಗೋಡೆ ಸುಣ್ಣದ ಹಾಗೆ ಉದುರಿತು.

ಅಂದಹಾಗೆ ಮದರ್‌ಬೋರ್ಡ್ ಯಾವುದು? ಕಾರ್ಡಿಗೂ ಬೋರ್ಡಿಗೂ ನಡುವಿನ ಡೇಟಾ ದಾರಿಯಲ್ಲಿ (ಪಿಸಿಐಇ) 4060 ಬಳಸುವುದು ಎಂಟೇ ಲೇನು. ಹಳೇ ಪಿಸಿಐಇ 3 ಬೋರ್ಡಾದರೆ ವೇಗಕ್ಕೆ ಸ್ವಲ್ಪ ಹೊಡೆತ ಇದೆ.