ಮೈಸೂರು ಕಡೆ ನಕ್ಷೆಗೆ ಹಿಲ್‌ಶೇಡ್ (ಬೆಟ್ಟಗುಡ್ಡ ಎದ್ದು ಕಾಣೋ ಹಾಗೆ ಬೆಳಕು ನೆರಳು ಕೊಡೋದು) ಮಾಡಿದ್ರೆ ಬೆಟ್ಟಾನೇ ಕಾಣ್ತಿಲ್ಲ, ಬರೀ ಕಪ್ಪು ಬಿಳಿ ಚುಕ್ಕಿ. ಏನ್ ತಪ್ಪು?

ನಿಮ್ ಡೇಟಾ ಕೆಟ್ಟಿಲ್ಲ, ಮತ್ತೆ ಡೌನ್‌ಲೋಡ್ ಮಾಡಕ್ಕೆ ಹೋಗ್ಬೇಡಿ. ಮೈಸೂರು, ಮಂಡ್ಯ ಎರಡೂ ಒಂದೇ ಎಸ್‌ಆರ್‌ಟಿಎಂ ಟೈಲಲ್ಲಿ (ನೆಲದ ಎತ್ತರದ ಡೇಟಾದ ಒಂದು ಚೌಕದಲ್ಲಿ) ಬರುತ್ತೆ, ಅಕ್ಷಾಂಶ 12 ರೇಖಾಂಶ 76ರದ್ದು, ನಾನೂ ಅದನ್ನೇ ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ಗೆ ಹಾಕಿ ಎರಡು ದಿನ ಒದ್ದಾಡಿ ನಿಮ್ ಥರಾನೇ ಮಸಿ ಚೆಲ್ಲಿದಂಗೆ ಬಂದು ತಲೆ ಕೆಟ್ಟು ಕೂತಿದ್ದೆ.

ವಿಷ್ಯ ಇಷ್ಟೇ. ಆ ಫೈಲಲ್ಲಿ ಎತ್ತರ ಮೀಟರ್‌ನಲ್ಲಿದೆ, ಆದ್ರೆ ಉದ್ದ ಅಗಲ ಡಿಗ್ರಿಯಲ್ಲಿದೆ. ಒಂದು ಡಿಗ್ರಿ ಅಂದ್ರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್, ಸಾಫ್ಟ್‌ವೇರ್‌ಗೆ ಅದೆಲ್ಲಿ ಗೊತ್ತು, ಅದೂ ಒಂದು ಇದೂ ಒಂದು ಅಂತ ಲೆಕ್ಕ ಹಾಕುತ್ತೆ, ಹಂಗಾಗಿ ಗದ್ದೆ ಬದು ಕೂಡ ಅದಕ್ಕೆ ಕಡಿದಾದ ಬಂಡೆ ಥರ ಕಾಣುತ್ತೆ. ಮೊದ್ಲು ರಾಸ್ಟರ್ ಮೆನುವಲ್ಲಿ ವಾರ್ಪ್ ತಗೊಂಡು ಉದ್ದ ಅಗಲಾನೂ ಮೀಟರ್‌ನಲ್ಲೇ ಅಳೆಯೋ ಯುಟಿಎಂ 43 ಉತ್ತರಕ್ಕೆ ಬದಲಾಯಿಸಿ, ಪಟ್ಟಿಯಲ್ಲಿ ಅದರ ಗುರುತು ಇಪಿಎಸ್‌ಜಿ ನಂಬರ್ 32643. ಅಲ್ಲೇ ರೀಸ್ಯಾಂಪ್ಲಿಂಗ್ (ಹೊಸ ಚುಕ್ಕಿಗಳಿಗೆ ಎತ್ತರ ಹೆಂಗೆ ಲೆಕ್ಕ ಹಾಕ್ಬೇಕು ಅನ್ನೋದು) ಅಂತ ಒಂದು ಆಯ್ಕೆ ಇರುತ್ತೆ, ಅದು ನಿಯರೆಸ್ಟ್ ನೇಬರ್ ಅಂತಾನೇ ಬಿಟ್ರೆ ಆಮೇಲೆ ನೆರಳಲ್ಲಿ ಸೀರೆ ಪಟ್ಟೆ ಥರ ಗೆರೆ ಬರುತ್ತೆ, ಬೈಲೀನಿಯರ್ ಇಲ್ಲಾ ಕ್ಯೂಬಿಕ್ ಮಾಡ್ಕೊಳಿ. ಆಮೇಲೆ ಹಿಲ್‌ಶೇಡ್ ಮಾಡಿ, ಚಾಮುಂಡಿ ಬೆಟ್ಟ ಎದ್ದು ಕೂರುತ್ತೆ.

ಬೆಳಕಿನ ದಿಕ್ಕು ಮಾತ್ರ ಸುಮ್ನೆ ಮುಟ್ಬೇಡಿ. 315 ಡಿಗ್ರಿನೇ ಇರ್ಲಿ, ಅಂದ್ರೆ ವಾಯುವ್ಯ ಮೂಲೆ, 45 ಡಿಗ್ರಿ ಎತ್ತರ. ನಮ್ಮೂರಲ್ಲಿ ಸೂರ್ಯ ಯಾವತ್ತೂ ಅಲ್ಲಿ ನಿಲ್ಲಲ್ಲ, ನಿಜ, ಅದಕ್ಕೇ ನಾನು ಬುದ್ಧಿವಂತಿಕೆ ಮಾಡಿ ಆಗ್ನೇಯದಿಂದ ಬೆಳಕು ಕೊಟ್ಟು ಪ್ರಿಂಟ್ ತೆಗೆದು ಮನೇಲಿ ತೋರಿಸ್ದೆ. ನಮ್ಮ ಮಾವ ನೋಡಿ "ಇದ್ಯಾವ ಕೆರೆಯಪ್ಪಾ" ಅಂದ್ರು, ಚಾಮುಂಡಿ ಬೆಟ್ಟ ತೋರ್ಸಿ! ಬೆಳಕು ಮೇಲಿನಿಂದ ಬೀಳುತ್ತೆ ಅಂತ ಕಣ್ಣಿಗೆ ರೂಢಿ, ಕಾಗದದ ಕೆಳಗಡೆಯಿಂದ ಬಂದ್ರೆ ಬೆಟ್ಟ ಹಳ್ಳ ಆಗ್ಬಿಡುತ್ತೆ.

ಇನ್ನು ಝಡ್ ಫ್ಯಾಕ್ಟರ್, ಅಂದ್ರೆ ಎತ್ತರಾನ ಎಷ್ಟು ಪಟ್ಟು ಎಳೀಬೇಕು ಅನ್ನೋದು. ಚಾಮುಂಡಿ ಊರಿಗಿಂತ ಸುಮಾರು 300 ಮೀಟರ್ ಮೇಲಿದೆ, 1 ಇದ್ರೂ ಸಾಕು. ಮಂಡ್ಯ ಕಡೆ ಬಯಲು, ಅಲ್ಲಿ ಏನೂ ಕಾಣಲ್ಲ ಅಂತ 2 ಇಲ್ಲಾ 3 ಕೊಡ್ಬೋದು, ಅದಕ್ಕಿಂತ ಜಾಸ್ತಿ ಬೇಡ. ಯಾಕಂದ್ರೆ ಈ ಡೇಟಾ 2000ನೇ ಇಸವಿ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಹಾಯಿಸಿ ತೆಗೆದಿದ್ದು, ಬರೀ ನೆಲ ಅಲ್ಲ, ಮರದ ಎತ್ತರಾನೂ ಒಂದಷ್ಟು ಸೇರ್ಕೊಂಡಿದೆ, ಎಳೆದಷ್ಟೂ ತೆಂಗಿನ ತೋಟ ಎಲ್ಲಾ ಗುಡ್ಡ ಆಗುತ್ತೆ. ಬೇಕಿದ್ರೆ ಮಲ್ಟಿಡೈರೆಕ್ಷನಲ್ (ಹಲವು ದಿಕ್ಕಿಂದ ಬೆಳಕು) ಟಿಕ್ ಮಾಡಿ ನೋಡಿ, ಮೇಲುಕೋಟೆ ಸಾಲಿಗೆ ಚೆನ್ನಾಗಿ ಬರುತ್ತೆ, ಬಯಲಿಗೆ ನಂಗ್ಯಾಕೋ ಸಪ್ಪೆ ಅನ್ಸುತ್ತೆ.

ಬಣ್ಣಕ್ಕೆ, ಎತ್ತರದ ಬಣ್ಣದ ಲೇಯರ್ ಕೆಳಗೆ, ಹಿಲ್‌ಶೇಡ್ ಮೇಲೆ ಇಟ್ಟು ಬ್ಲೆಂಡಿಂಗ್ (ಎರಡು ಲೇಯರ್ ಬೆರೆಸೋ ರೀತಿ) ಮಲ್ಟಿಪ್ಲೈ ಮಾಡಿ, ಟ್ರಾನ್ಸ್‌ಪರೆನ್ಸಿ ಮಾಡಿದ್ರೆ ಬಣ್ಣ ತೊಳೆದಂಗಾಗುತ್ತೆ. ಆಮೇಲೆ ಕೆಆರ್‌ಎಸ್ ಹಿನ್ನೀರು ಒಂದೇ ಸಮ ಬೂದು ಬಂತು ಅಂತ ಗಾಬರಿ ಆಗ್ಬೇಡಿ, ನೀರಿಗೆ ಏರಿಳಿತ ಇಲ್ವಲ್ಲ, ಮೇಲೊಂದು ನೀಲಿ ಪಾಲಿಗನ್ ಹಾಕ್ಬಿಡಿ.