ಕವಡೆ ಹಾಕಿ ನೋಟ್ಸ್ ಓದುವುದು

ಆರು ವರ್ಷದ ಮಗಳು ಪಿಯಾನೊ ಚೆನ್ನಾಗಿ ನುಡಿಸುತ್ತಾಳೆ, ಆದರೆ ಪುಸ್ತಕದ ನೋಟ್ಸ್ (ಐದು ಗೆರೆಗಳ ಮೇಲೆ ಬರೆದ ಸ್ವರಲಿಪಿ) ಓದಲು ಬಾರದು, ಆಟವಾಡಿಸಿ ಕಲಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಕಲಿಸಬಹುದು. ಆದರೆ ಯಾವ ಆಟ ಎಂಬಲ್ಲಿ ನಾನೇ ಎಡವಿ ಕಲಿತವಳು.

ಮನೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ಮೊದಮೊದಲು ಚೀಟಿ ಎತ್ತಿ ಹಿಡಿದು ಸ್ವರದ ಹೆಸರು ಕೇಳುವ ಆಟವನ್ನೇ ಆಡಿಸುತ್ತಿದ್ದೆ. ಒಬ್ಬ ಹುಡುಗ ಅಷ್ಟೂ ಚೀಟಿಗಳಿಗೆ ಪಟಪಟನೆ ಹೆಸರು ಹೇಳಿ ಪೆಪ್ಪರಮಿಂಟು ಗೆದ್ದ. ಪಿಯಾನೊ ಮುಂದೆ ಕೂರಿಸಿದರೆ ಅವನ ತೋರುಬೆರಳು ದಾರಿ ತಪ್ಪಿದ ಇರುವೆಯಂತೆ ಕೀಲಿಗಳ ಮೇಲೆ ಅಲೆಯಿತು. ಹೆಸರು ಬಾಯಿಗೆ ಬಂದಿತ್ತು, ಕೈಗೆ ಬಂದಿರಲಿಲ್ಲ. ಹೆಸರನ್ನಷ್ಟೇ ಕೇಳುವ ಮೊಬೈಲ್ ಆಟಗಳ ಹಣೆಬರಹವೂ ಇದೇ.

ನೋಟ್ಸ್ ಓದುವುದೆಂದರೆ ಮುಖ್ಯವಾಗಿ ಒಂದು ಸ್ವರದಿಂದ ಮುಂದಿನದು ಎಷ್ಟು ದೂರ, ಮೇಲಕ್ಕೋ ಕೆಳಕ್ಕೋ ಎಂದು ಕಣ್ಣಳತೆಯಲ್ಲಿ ಹಿಡಿಯುವುದು. ಅದಕ್ಕೆ ನಮ್ಮ ಚೌಕಾಬಾರದ ನಾಲ್ಕು ಕವಡೆ ಸಾಕು. ದೊಡ್ಡ ಹಾಳೆಯ ಮೇಲೆ ಐದು ಗೆರೆ ಎಳೆಯಿರಿ. ಗೆರೆಗಳ ನಡುವಿನ ಜಾಗಕ್ಕೆ ನಾವು ಮನೆ ಎನ್ನುತ್ತೇವೆ. ಅಂಗಿಯ ಗುಂಡಿಯೇ ಕಾಯಿ. ಕವಡೆ ಹಾಕಿ, ಗೆರೆ, ಮನೆ ಎರಡನ್ನೂ ಎಣಿಸುತ್ತ ಬಿದ್ದಷ್ಟು ನಡೆಸಬೇಕು; ಮೇಲೋ ಕೆಳಗೋ, ಆಡುವವರ ಇಷ್ಟ. ನಡೆಸಿದ ಕೂಡಲೇ ಹೊಸ ಸ್ವರವನ್ನು ಪಿಯಾನೊದಲ್ಲಿ ಒತ್ತಬೇಕು. ತಪ್ಪಿದರೆ ಕಾಯಿ ಹಿಂದಕ್ಕೆ.

ಒಂದು ನಿಯಮ ಮಾತ್ರ ಬೇರೆ: ನಿಂತ ಜಾಗವೇ ಒಂದು. ಸಂಗೀತದಲ್ಲಿ ಅಂತರ ಎಣಿಸುವುದು ಹಾಗೆಯೇ. ಅಜ್ಜಿಯ ಜೊತೆ ಚೌಕಾಬಾರ ಆಡಿ ಪಳಗಿದ ಹುಡುಗಿಯೊಬ್ಬಳು "ನಿಂತ ಮನೆಯನ್ನು ಎಣಿಸಿದರೆ ಮೋಸ!" ಎಂದು ಕಾಲು ಗಂಟೆ ಜಗಳವಾಡಿದಳು. ಜಗಳ ಮುಗಿಯುವಷ್ಟರಲ್ಲಿ ಪಾಠವೂ ತಲೆಗೆ ಹತ್ತಿತ್ತು. ಒಂದು ಬಿದ್ದರೆ ಅದೇ ಸ್ವರ ಮತ್ತೊಮ್ಮೆ. ಎರಡು ಬಿದ್ದರೆ ಪಕ್ಕದ ಬಿಳಿ ಕೀಲಿ. ಮೂರು ಬಿದ್ದರೆ ಗೆರೆಯಿಂದ ಗೆರೆಗೆ ಅಥವಾ ಮನೆಯಿಂದ ಮನೆಗೆ. ಕೈಯಲ್ಲಿ ನಡುವೆ ಒಂದು ಬಿಳಿ ಕೀಲಿ ಬಿಡಬೇಕು. ನಾಲ್ಕೂ ಕವಡೆ ಮಗುಚಿ ಬಿದ್ದು ಎಂಟು ಬಂದರೆ ಅದೇ ಹೆಸರಿನ ಸ್ವರ ಮೇಲಿನ ಇಲ್ಲವೇ ಕೆಳಗಿನ ಸ್ಥಾಯಿಯಲ್ಲಿ. ಸಮಸಂಖ್ಯೆ ಬಿದ್ದಾಗಲೆಲ್ಲ ಗೆರೆಯಲ್ಲಿದ್ದ ಕಾಯಿ ಮನೆಗೆ, ಮನೆಯಲ್ಲಿದ್ದದ್ದು ಗೆರೆಗೆ ಹೋಗುತ್ತದೆ. ಇದನ್ನು ನಾನು ಹೇಳಿಕೊಡಲಿಲ್ಲ, ಆ ಜಗಳಗಂಟಿಯೇ ಕಂಡುಹಿಡಿದಳು.

ಹೊರಡುವ ಜಾಗ ಗೊತ್ತಿರಬೇಕಲ್ಲ? ಮೂರು ಸ್ವರ ಗಟ್ಟಿಯಾದರೆ ಸಾಕು. ಗೆರೆಗಳ ಶುರುವಿನಲ್ಲಿ ಬರೆಯುವ ಗುರುತಿಗೆ ಕ್ಲೆಫ್ ಎನ್ನುತ್ತಾರೆ; ಮೇಲಿನ ಸ್ವರಗಳಿಗೆ ಟ್ರೆಬಲ್, ಕೆಳಗಿನವಕ್ಕೆ ಬಾಸ್. ಟ್ರೆಬಲ್ ಕ್ಲೆಫ್‌ನ ಸುರುಳಿ ಸುತ್ತುವ ಗೆರೆ, ಕೆಳಗಿನಿಂದ ಎರಡನೆಯದು, ಜಿ. ಬಾಸ್ ಕ್ಲೆಫ್‌ನ ಎರಡು ಚುಕ್ಕೆಗಳ ನಡುವಿನ ಗೆರೆ ಎಫ್. ಇವೆರಡರ ಮಧ್ಯೆ ಮಿಡಲ್ ಸಿ. ಅಲ್ಲಿಂದ ಮೇಲಕ್ಕೆ ಐದು ಎಣಿಸಿದರೆ ಜಿ, ಕೆಳಕ್ಕೆ ಐದು ಎಣಿಸಿದರೆ ಎಫ್. ನಿಮ್ಮದು 61 ಕೀಲಿಗಳ ಕೀಬೋರ್ಡ್ ಆದರೆ ಮಿಡಲ್ ಸಿ ಎಡದಿಂದ ಮೂರನೆಯ ಸಿ, 88 ಕೀಲಿಗಳ ಪಿಯಾನೊ ಆದರೆ ನಾಲ್ಕನೆಯದು.

ಮಗಳು ಕರ್ನಾಟಕ ಸಂಗೀತದ ಪಾಠಕ್ಕೂ ಹೋಗುತ್ತಿದ್ದರೆ, ಸಿ ಎಂದರೆ ಸ ಎಂದು ಹೇಳಿಕೊಡಬೇಡಿ. ಸ ಶ್ರುತಿಯನ್ನು ಅನುಸರಿಸಿ ಜಾಗ ಬದಲಿಸುತ್ತದೆ, ಸಿ ಕದಲುವುದಿಲ್ಲ.

ದಿನಕ್ಕೆ ಹತ್ತು ನಿಮಿಷ ಆಡಿ, ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸಿ. ಕೀಲಿಗಳ ಮೇಲೆ ಅಕ್ಷರದ ಸ್ಟಿಕ್ಕರ್ ಅಂಟಿಸಿದ್ದರೆ ಇವತ್ತೇ ಕಿತ್ತುಬಿಡಿ. ಅವು ಇರುವಷ್ಟು ದಿನ ಅವಳ ಕಣ್ಣು ಹಾಳೆಗೆ ಏರುವುದಿಲ್ಲ. ಅಂಟು ಉಳಿದರೆ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಹೋಗುತ್ತದೆ.