ಹ್ಯಾರಿಸನ್ಸ್ ಡಾಗ್‌ಫಿಶ್ ಮತ್ತು ಸದರ್ನ್ ಡಾಗ್‌ಫಿಶ್: ಗುರುತಿಸುವುದು ಹೇಗೆ?
ಬಣ್ಣ ನೋಡಿ ಈ ಎರಡು ಆಸ್ಟ್ರೇಲಿಯಾ ಶಾರ್ಕ್‌ಗಳನ್ನು ಬೇರೆ ಮಾಡಲು ಹೊರಟರೆ ಗೊಂದಲವೇ ಆಗೋದು. ಎರಡೂ ಬೂದು ಬಣ್ಣ, ಎರಡಕ್ಕೂ ದೊಡ್ಡ ಹಸಿರು ಕಣ್ಣು, ಬೆನ್ನಿನ ರೆಕ್ಕೆಗಳ ಮುಂದೆ ಮುಳ್ಳು.

ಮೊದಲು ಎಲ್ಲಿ ಸಿಕ್ಕಿತು ಅಂತ ನೋಡಿ. ಪಶ್ಚಿಮ ಆಸ್ಟ್ರೇಲಿಯಾದ್ದಾದರೆ ಹ್ಯಾರಿಸನ್ಸ್ ಅಲ್ಲ, ಅದು ಪೂರ್ವದ ಕಡೆಯದು. ನ್ಯೂ ಸೌತ್ ವೇಲ್ಸ್‌ನಲ್ಲಿ ಎರಡೂ ಇವೆ, ಅಲ್ಲೇ ತಲೆನೋವು. ಆಮೇಲೆ ಪಕ್ಕದಿಂದ ತೆಗೆದ ಫೋಟೋದಲ್ಲಿ ಮುಂದಿನ ಬೆನ್ನಿನ ರೆಕ್ಕೆ ನೋಡಿ: ಹ್ಯಾರಿಸನ್ಸ್‌ಗೆ ಉದ್ದ, ತಗ್ಗು, ಸದರ್ನ್‌ಗೆ ಗಿಡ್ಡ, ಎತ್ತರ. ಕೊನೆಗೆ ಮೂತಿ. ಹ್ಯಾರಿಸನ್ಸ್‌ನದು ಜಾಸ್ತಿ ಉದ್ದ.

ಓರೆಯಾಗಿ ತೆಗೆದ ಫೋಟೋ ಆದರೆ ನಾನಂತೂ ಖಚಿತ ಹೇಳಲ್ಲ, ಸುಮ್ನೆ ‘ಸೆಂಟ್ರೊಫೋರಸ್’ (ಎರಡೂ ಸೇರಿರುವ ಕುಲದ ಹೆಸರು) ಅಂತಷ್ಟೇ ಬರೆದಿಡಿ. ಮೀನು ಜೀವಂತ ಇದ್ದರೆ ಅಳತೆ ಬೇಡ, ಬೇಗ ನೀರಿಗೆ ಬಿಡಿ. 2013ರಿಂದ ಎರಡೂ ಆಸ್ಟ್ರೇಲಿಯಾದ ಸಂರಕ್ಷಣಾ ಪಟ್ಟಿಯಲ್ಲಿವೆ.